ಈರಿ ಸರೋವರದ ದಡದಲ್ಲಿ ಮನೆಯಿದ್ದರೆ: ಚಳಿಗಾಲದ ಬಿರುಗಾಳಿಗೆ ತಯಾರಿ

ಈರಿ ಸರೋವರದ ಪೂರ್ವ ತುದಿಯಲ್ಲಿ, ಅಂದರೆ ಕೆನಡಾ ಕಡೆಯ ಪೋರ್ಟ್ ಕೋಲ್ಬೋರ್ನ್, ಕ್ರಿಸ್ಟಲ್ ಬೀಚ್, ಫೋರ್ಟ್ ಈರಿ ಮತ್ತು ಅಮೆರಿಕ ಕಡೆಯ ಬಫಲೋ, ಹ್ಯಾಂಬರ್ಗ್‌ಗಳಲ್ಲಿ, ಚಳಿಗಾಲದಲ್ಲಿ ಮನೆಗೆ ನೀರು ನುಗ್ಗುವುದು ಮಳೆಯಿಂದಲ್ಲ, ಗಾಳಿಯಿಂದ. ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಸುಮಾರು 390 ಕಿ.ಮೀ. ಚಾಚಿಕೊಂಡಿದೆ. ಸರಾಸರಿ ಆಳ 19 ಮೀಟರ್ ಅಷ್ಟೇ. ನೈಋತ್ಯದ ಗಾಳಿ ಕೆಲವು ಗಂಟೆ ಬಿಡದೆ ಬೀಸಿದರೆ ನೀರು ಬಫಲೋ ಮೂಲೆಗೆ ಬಂದು ಪೇರಿಕೊಳ್ಳುತ್ತದೆ, ಅದೇ ಹೊತ್ತಿಗೆ ಪಶ್ಚಿಮ ತುದಿಯ ಟೊಲೆಡೊ ಕಡೆ ತಳದ ಕೆಸರು ಕಾಣುತ್ತದೆ. 2022ರ ಡಿಸೆಂಬರ್ 23ರ ಹಿಮಗಾಳಿಯಲ್ಲಿ ಬಫಲೋ ಕಡೆ ನೀರು ಎರಡು ಮೀಟರ್ ಆಸುಪಾಸು ಏರಿತ್ತು. ಗಾಳಿ ಸಡಿಲಿದ ಮೇಲೆ ನೀರು ಹಿಂದೆ ಸರಿದು ಮತ್ತೆ ಬರುತ್ತದೆ, ತಟ್ಟೆಯಲ್ಲಿ ನೀರು ತುಳುಕಾಡುವ ಹಾಗೆ. ಇದಕ್ಕೆ ಸೇಶ್ ಎನ್ನುತ್ತಾರೆ, ಒಂದು ಸುತ್ತಿಗೆ ಸುಮಾರು 14 ಗಂಟೆ. ಎರಡನೇ ಏರಿಕೆ ಸಾಮಾನ್ಯವಾಗಿ ಚಿಕ್ಕದು. ಆದರೂ ಮೊದಲ ಸಲ ನೀರು ಇಳಿದ ಕೂಡಲೇ ಮರಳಿನ ಚೀಲ ಎತ್ತಬೇಡಿ.

ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯ ಒಂದು ಅಂಕಿ ಗೊತ್ತಿರಬೇಕು: ನೀರು ಒಳಗೆ ಬರಬಹುದಾದ ಅತಿ ಕೆಳಗಿನ ಕಿಂಡಿ ಎಷ್ಟು ಎತ್ತರದಲ್ಲಿದೆ? ಅದು ಹೊಸ್ತಿಲೇ ಆಗಿರಬೇಕಿಲ್ಲ, ನೆಲಮಾಳಿಗೆಯ ಕಿಟಕಿ ಅಥವಾ ಪೈಪ್ ಹೊರಗೆ ಹೋಗುವ ತೂತೂ ಆಗಿರಬಹುದು. ಗಾಳಿಯಿಲ್ಲದ ದಿನ ನೀರಿನ ಮೇಲ್ಮೈಯಿಂದ ಆ ಕಿಂಡಿಯವರೆಗಿನ ಎತ್ತರವನ್ನು ಲೇಸರ್ ಲೆವೆಲ್ಲಿನಿಂದ ಅಳೆಯಿರಿ. ಅದೇ ಗಂಟೆಗೆ ಹತ್ತಿರದ ಮಾಪಕ (ಪೋರ್ಟ್ ಕೋಲ್ಬೋರ್ನ್ ಅಥವಾ ಬಫಲೋ) ತೋರಿಸಿದ ಮಟ್ಟಕ್ಕೆ ಅದನ್ನು ಕೂಡಿಸಿ. ಮಾಪಕ 174.10 ಮೀಟರ್ ತೋರಿಸಿ ಕಿಂಡಿ 2.4 ಮೀಟರ್ ಮೇಲಿದ್ದರೆ ನಿಮ್ಮ ಅಂಕಿ 176.50. ಸರ್ವೆಯರ್ ಕೊಟ್ಟ ಹಳೆ ನಕ್ಷೆಯ ಅಂಕಿಯನ್ನು ನೇರವಾಗಿ ಬಳಸಬೇಡಿ. ಸರೋವರದ ಮಾಪಕಗಳು 1985ರ ಗ್ರೇಟ್ ಲೇಕ್ಸ್ ಆಧಾರಮಟ್ಟದಿಂದ (ಎತ್ತರ ಎಣಿಸಲು ಶುರುಮಾಡುವ ಸೊನ್ನೆ ಮಟ್ಟ) ಎಣಿಸುತ್ತವೆ, ನಕ್ಷೆಯದು ಬೇರೆ ಆಧಾರಮಟ್ಟ ಇದ್ದೀತು.

ಬಿರುಗಾಳಿಯಲ್ಲಿ ನೀರಿನ ಮಟ್ಟ 175.9ಕ್ಕೆ ಏರುತ್ತದೆ ಎಂದು ಮುನ್ಸೂಚನೆ ಇದ್ದರೆ ನಿಮ್ಮ 176.50ಕ್ಕೆ ಉಳಿದದ್ದು 60 ಸೆಂ.ಮೀ., ಅದನ್ನು ಅಲೆಗಳೇ ತಿಂದುಹಾಕುತ್ತವೆ. ಮುನ್ಸೂಚನೆಯ ಮಟ್ಟದಲ್ಲಿ ಅಲೆಯ ಏರಾಟ ಸೇರಿರುವುದಿಲ್ಲ. ಕೆನಡಾ ಕಡೆಯ ಒಂಟಾರಿಯೊ ಪ್ರಾಂತ್ಯದ ನಿಯಮವೇ ನೂರು ವರ್ಷದ ಪ್ರವಾಹರೇಖೆಯಿಂದ (ಯಾವುದೇ ವರ್ಷ ನೀರು ಅಲ್ಲಿಗೆ ಮುಟ್ಟುವ ಸಾಧ್ಯತೆ ನೂರಕ್ಕೆ ಒಂದು) ಒಳಕ್ಕೆ ಇನ್ನೂ 15 ಮೀಟರ್ ಅಲೆಗೆ ಬಿಡುತ್ತದೆ. ಹಾಗಾಗಿ ಅಂತರ ಒಂದು ಮೀಟರಿಗಿಂತ ಕಡಿಮೆಯಾದರೆ ಕೆಲಸ ಶುರು ಮಾಡಿ, ಎಚ್ಚರಿಕೆಯ ಮಟ್ಟ ಮೇಲೇರಲಿ ಎಂದು ಕಾಯಬೇಡಿ. ಬಿರುಗಾಳಿಯ ಮೊದಲೇ ಸರೋವರ ತುಂಬಿದ್ದರೆ (2019ರಲ್ಲಿ ದಾಖಲೆ ಮಟ್ಟ ಮುಟ್ಟಿತ್ತು) ಅದೇ ಗಾಳಿ ಹೆಚ್ಚು ಹಾನಿ ಮಾಡುತ್ತದೆ.

ಮರಳಿನ ಚೀಲಗಳನ್ನು ನವೆಂಬರಿನಲ್ಲೇ, ಒಣ ಮರಳಿನಿಂದ ತುಂಬಿ ಗ್ಯಾರೇಜಿನಲ್ಲಿಡಿ. ಒದ್ದೆ ಮರಳು ಹೆಪ್ಪುಗಟ್ಟಿದರೆ ಚೀಲ ಕಲ್ಲಾಗುತ್ತದೆ, ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಸಂದಿಯಲ್ಲಿ ನೀರು ಸಲೀಸಾಗಿ ಬರುತ್ತದೆ. ಅರ್ಧದಿಂದ ಮೂರನೇ ಎರಡು ಭಾಗ ತುಂಬಿದರೆ ಸಾಕು. ಬಾಯಿ ಕಟ್ಟದೆ ಮಡಚಿ ಅಡಿಗೆ ಸೇರಿಸಿ. ಇಟ್ಟಿಗೆ ಕಟ್ಟಿದ ಹಾಗೆ ಸಂದಿ ತಪ್ಪಿಸಿ ಜೋಡಿಸಿ, ಪ್ರತಿ ಸಾಲನ್ನೂ ಕಾಲಿನಿಂದ ತುಳಿಯಿರಿ. ಬುಡದ ಅಗಲ ಎತ್ತರದ ಮೂರು ಪಟ್ಟಿರಲಿ. ಮೂರು ಮೀಟರ್ ಉದ್ದಕ್ಕೆ 30 ಸೆಂ.ಮೀ. ಎತ್ತರ ಬೇಕೆಂದರೆ 60ರಿಂದ 80 ಚೀಲ ಬೇಕು. ಒಂದೊಂದೂ 15 ಕಿಲೋ ದಾಟುತ್ತದೆ, ಒಬ್ಬರಿಂದಾಗುವ ಕೆಲಸವಲ್ಲ. ಚೀಲಗಳು ನಿಂತ ನೀರನ್ನು ತಡೆಯುತ್ತವೆ, ನೇರ ಹೊಡೆಯುವ ಅಲೆಯನ್ನಲ್ಲ. ಸರೋವರದ ಕಡೆಯ ಗಾಜಿನ ಬಾಗಿಲಿಗೆ ದಪ್ಪ ಪ್ಲೈವುಡ್ ಬೇಕು.

ಸಂಪ್ ಪಂಪಿಗೆ (ನೆಲಮಾಳಿಗೆಯ ಗುಂಡಿಯಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪು) ಬ್ಯಾಟರಿ ಇದೆಯೇ, ಅದರ ಹೊರಪೈಪು ಹೆಪ್ಪುಗಟ್ಟಿದೆಯೇ ನೋಡಿ. ನೆಲಮಾಳಿಗೆಗೆ ನೀರು ಬಂದಮೇಲೆ ಅದರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬಾರದು. ಮೊದಲೇ ಆರಿಸಿ.

ಚಳಿಗಾಲದ ವಿಶೇಷ ಅಪಾಯ ತುಂತುರು. ಅಲೆ ತಡೆಗೋಡೆಗೆ ಬಡಿದು ಹಾರಿದ ನೀರು ಗೋಡೆ, ಕಿಟಕಿ, ಸೂರಿನ ಮೇಲೆ ಪದರಪದರವಾಗಿ ಗಟ್ಟಿಯಾಗುತ್ತದೆ. ಹ್ಯಾಂಬರ್ಗ್‌ನ ಹೂವರ್ ಬೀಚಿನ ಮನೆಗಳು 2020ರಲ್ಲಿ ಹೀಗೆ ಪೂರ್ತಿ ಮುಚ್ಚಿಹೋಗಿದ್ದವು. ಚಿತ್ರದಲ್ಲಿ ಚೆಂದ. ಆದರೆ 10 ಸೆಂ.ಮೀ. ಮಂಜುಗಡ್ಡೆ ಎಂದರೆ ಚದರ ಮೀಟರಿಗೆ ಸುಮಾರು 90 ಕಿಲೋ ಭಾರ. ಅದಕ್ಕಿಂತ ಕೆಟ್ಟದ್ದು, ಮನೆ ಬೆಚ್ಚಗಿಡುವ ಫರ್ನೇಸಿನಿಂದ ಪಕ್ಕದ ಗೋಡೆಯ ಮೂಲಕ ಹೊರಬರುವ ಬಿಳಿ ಪ್ಲಾಸ್ಟಿಕ್ ಪೈಪುಗಳು ಮುಚ್ಚಿಕೊಳ್ಳುವುದು: ಫರ್ನೇಸ್ ನಿಲ್ಲುತ್ತದೆ, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ ಒಳಗೆ ಸೇರುತ್ತದೆ. ಪೈಪು ಸರೋವರದ ಕಡೆಗಿದ್ದರೆ ಬೇಸಿಗೆಯಲ್ಲೇ ಬೇರೆ ಗೋಡೆಗೆ ಬದಲಾಯಿಸಿ. ಮಲಗುವ ಕೋಣೆಯ ಬಳಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ದಡದ ವಿರುದ್ಧ ದಿಕ್ಕಿನ ಒಂದು ಬಾಗಿಲಾದರೂ ತೆರೆಯುವಂತಿರಬೇಕು.

ಸರೋವರ ಪೂರ್ತಿ ಹೆಪ್ಪುಗಟ್ಟಿದರೆ ಅಲೆ ಸಾಯುತ್ತದೆ, ದಡ ಉಳಿಯುತ್ತದೆ. ಹಾಗಾಗಿ ದಡದ ಹೆಚ್ಚಿನ ಕೊರೆತ ನವೆಂಬರಿನಿಂದ ಮಂಜುಗಡ್ಡೆ ಕೂರುವವರೆಗೆ. ಮಂಜು ಕೂರದ ವರ್ಷ ಚಳಿಗಾಲವಿಡೀ. ಕಟ್ಟಿದ ಮಂಜು ಗಾಳಿಗೆ ಒಡೆದು ದಡ ಹತ್ತಿ ಬರುವುದೂ ಉಂಟು (2019ರ ಫೆಬ್ರವರಿಯಲ್ಲಿ ಫೋರ್ಟ್ ಈರಿಯಲ್ಲಿ ರಸ್ತೆಯ ತಡೆಗೋಡೆ ದಾಟಿತ್ತು). ಹತ್ತಿರ ನಿಂತು ವಿಡಿಯೊ ತೆಗೆಯಬೇಡಿ.

ಮಣ್ಣಿನ ದಿಬ್ಬ ಕುಸಿಯುವುದು ಬುಡದಿಂದ. ಅಲೆ ಬುಡ ಕೊರೆಯುತ್ತದೆ, ಮೇಲಿನದು ಕೆಲವೊಮ್ಮೆ ತಿಂಗಳುಗಳ ನಂತರ, ಮಾರ್ಚಿನಲ್ಲಿ ಮಣ್ಣಿನ ಮಂಜು ಕರಗಿದಾಗ ಜಾರುತ್ತದೆ. ಆದ್ದರಿಂದ ಬಿರುಗಾಳಿಯ ಮರುದಿನ ಅಂಚು ನೆಟ್ಟಗಿದೆ ಎಂದು ಸಮಾಧಾನಪಡಬೇಡಿ, ಅಂಚಿಗೆ ಸಮಾನಾಂತರವಾಗಿ ಹುಲ್ಲಿನಲ್ಲಿ ಬಿರುಕು ಬಿಟ್ಟಿದೆಯೇ ನೋಡಿ. ಸೂರಿನ ನೀರಿನ ಪೈಪನ್ನು ದಿಬ್ಬದ ಮೇಲಿಂದ ಬಿಡುವುದು, ತೋಟದ ಕಸ ಅಂಚಿಗೆ ಸುರಿಯುವುದು ಎರಡೂ ಕುಸಿತಕ್ಕೆ ಆಹ್ವಾನ. ಒಂಟಾರಿಯೊದಲ್ಲಿ ಸುರಕ್ಷಿತ ಅಂತರದ ಲೆಕ್ಕ ಹೀಗೆ: ದಿಬ್ಬದ ಎತ್ತರದ ಮೂರು ಪಟ್ಟು, ಅದಕ್ಕೆ ವಾರ್ಷಿಕ ಕೊರೆತದ ನೂರು ಪಟ್ಟು ಸೇರಿಸಿ. ಎಂಟು ಮೀಟರ್ ದಿಬ್ಬ ವರ್ಷಕ್ಕೆ 30 ಸೆಂ.ಮೀ. ಸರಿದರೆ ಬುಡದಿಂದ 24+30, ಅಂದರೆ 54 ಮೀಟರ್.

ನೆಟ್ಟಗಿನ ಕಾಂಕ್ರೀಟ್ ಗೋಡೆ ಅಲೆಯನ್ನು ಹಿಂದಕ್ಕೆ ತಳ್ಳಿ ತನ್ನ ಬುಡದ ಮರಳನ್ನೇ ಕಳೆದುಕೊಳ್ಳುತ್ತದೆ. ಇಳಿಜಾರಾಗಿ ಜೋಡಿಸಿದ ಬಂಡೆ ವಾಸಿ. ಅಡಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಅದರ ಮೇಲೆ ಸಣ್ಣ ಕಲ್ಲು, ಮೇಲೆ ದೊಡ್ಡ ಬಂಡೆ. ಬಟ್ಟೆ ಬಿಟ್ಟರೆ ಸಂದಿಯಿಂದ ಮಣ್ಣು ಸೋರಿ ಬಂಡೆ ಕುಸಿಯುತ್ತದೆ. ಗೋಡೆ ಮುಗಿದ ಕಡೆಯಿಂದ ಕೊರೆತ ಶುರುವಾಗುತ್ತದೆ, ನಮ್ಮ ಕರಾವಳಿಯ ಕಡಲ್ಕೊರೆತ ನೋಡಿದವರಿಗೆ ಇದು ಹೊಸದಲ್ಲ. ಪಕ್ಕದವರ ಜೊತೆ ಸೇರಿಯೇ ಕಟ್ಟಿಸಿ. ಒಂಟಾರಿಯೊದಲ್ಲಿ ದಡದ ಕಾಮಗಾರಿಗೆ ಅನುಮತಿ ಕೊಡುವ ಸ್ಥಳೀಯ ಕನ್ಸರ್ವೇಶನ್ ಅಥಾರಿಟಿಯ ಒಪ್ಪಿಗೆಯಿಲ್ಲದೆ ಒಂದು ಲೋಡ್ ಕಲ್ಲನ್ನೂ ಇಳಿಸಬೇಡಿ.

ದಿಬ್ಬದ ಅಂಚಿನಿಂದ ಹತ್ತು ಮೀಟರ್ ಒಳಗೆ ಎರಡು ಕಬ್ಬಿಣದ ಗೂಟ ಹೊಡೆದು, ಏಪ್ರಿಲ್ ಮತ್ತು ನವೆಂಬರಿನಲ್ಲಿ ಅಂಚಿಗೆ ಅಳೆದು ದಿನಾಂಕದೊಂದಿಗೆ ಬರೆದಿಡಿ. ಅಳೆಯುವಾಗ ಟೇಪಿನ ತುದಿ ಹಿಡಿದು ಅಂಚಿಗೆ ಹೋಗಬೇಡಿ, ಉದ್ದ ಕೋಲಿಗೆ ಕಟ್ಟಿ ಚಾಚಿ.