ಮೌಲ್‌ಬ್ರಾನ್: ಮಠ ನೋಡಲು ಹೋಗಿ, ಹಾಸ್ಟೆಲ್ ನೋಡಿ ಬನ್ನಿ

ಜರ್ಮನಿಯ ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಊರಿಂದ ಯಾರೇ ಬಂದರೂ ಒಂದು ದಿನ ಮೌಲ್‌ಬ್ರಾನ್ ಊರಿನ ಹಳೆಯ ಕ್ರೈಸ್ತ ಮಠಕ್ಕೆ ಮೀಸಲು. ನಾಲ್ಕು ಸಲ ಹೋಗಿ ಬಂದ ಮೇಲೆ ನನಗೊಂದು ಕ್ರಮ ಸಿಕ್ಕಿದೆ.

ಮ್ಯೂಲಾಕರ್‌ವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿಯಿರಿ. 'ಮೌಲ್‌ಬ್ರಾನ್ ವೆಸ್ಟ್' ಎಂಬ ಸ್ಟೇಷನ್ ಹೆಸರು ನೋಡಿ ಇಳಿಯಬೇಡಿ. ಮೊದಲ ಸಲ ನಾನು ಇಳಿದಿದ್ದೆ. ಮಠ ಅಲ್ಲಿಂದ ಸುಮಾರು 3 ಕಿಲೋಮೀಟರ್, ಮೇಲಿಂದ ಮಳೆ ಬೇರೆ. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ನನಗೆ ಭಯವಾಗಿದ್ದೇ ಅದಕ್ಕೆ.

ಹೋದ ಕೂಡಲೇ ಚರ್ಚಿನೊಳಗೆ ನುಗ್ಗಬೇಡಿ. ಅಂಗಳದಲ್ಲೇ ನಿಂತು ಜೊತೆಯವರಿಗೆ ಎರಡು ಇಸವಿ ಹೇಳಿ. 1147ರಲ್ಲಿ ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ಇಲ್ಲಿಗೆ ಬಂದರು. 1556ರಲ್ಲಿ ವುರ್ಟೆಂಬರ್ಗಿನ ದೊರೆ ಕ್ರಿಸ್ಟಾಫ್ ಇದನ್ನು ಶಾಲೆ ಮಾಡಿದ. ಅಷ್ಟರಲ್ಲಿ ರಾಜ್ಯ ಪ್ರೊಟೆಸ್ಟೆಂಟ್ ಆಗಿತ್ತು, ಪಾದ್ರಿಗಳು ಬೇಕಾಗಿದ್ದರು. ಪರೀಕ್ಷೆ ಇಟ್ಟು ಜಾಣ ಹುಡುಗರನ್ನು ಆರಿಸಿ, ಇಲ್ಲೇ ಹಾಸ್ಟೆಲಿನಲ್ಲಿಟ್ಟು ಪುಕ್ಕಟೆ ಊಟ ಹಾಕಿ ಓದಿಸಿದರು. ಇಲ್ಲಿ ಮುಗಿದರೆ ಮುಂದೆ ಟ್ಯೂಬಿಂಗನ್ ವಿಶ್ವವಿದ್ಯಾಲಯ. ದುಡ್ಡಿದ್ದವರ ಶಾಲೆಗಿಂತ ಜಾಸ್ತಿ ಇದು ಅಂಕ ಬಂದವರ ಶಾಲೆ. ಹಾಗಾಗಿಯೇ ಕೂಲಿ ಸೈನಿಕನ ಮಗ, ಮುಂದೆ ಖಗೋಳ ವಿಜ್ಞಾನಿಯಾದ ಕೆಪ್ಲರ್ 1586ರಲ್ಲಿ ಇಲ್ಲಿ ಸೇರಿದ. ಸರಿಯಾಗಿ 200 ವರ್ಷದ ಮೇಲೆ ಕವಿ ಹೋಲ್ಡರ್ಲಿನ್ ಬಂದ.

ಈಗ ಒಳಗಿನ ಪ್ರಾಂಗಣಕ್ಕೆ ಹೋಗಿ. ಅಲ್ಲಿ ಒಂದರ ಮೇಲೊಂದು ತಟ್ಟೆಯಿಟ್ಟಂತೆ ಮೂರು ಹಂತದ ಕಾರಂಜಿ ಇದೆ, ಎದುರಿಗೇ ಸನ್ಯಾಸಿಗಳ ಊಟದ ಹಾಲ್. ಕೈ ತೊಳೆದು ಪಂಕ್ತಿಗೆ ಕೂರುವ ಲೆಕ್ಕ. ಪಕ್ಕದಲ್ಲಿ ಬೆಂಕಿಯಿಂದ ಕಾಯಿಸುತ್ತಿದ್ದ ಕೋಣೆ ಸಿಗುತ್ತದೆ. "ಉಳಿದ ಕಡೆಯೆಲ್ಲ ಚಳಿ ಹೇಗೆ ತಡೀತಿದ್ರಪ್ಪ?" ಅಂದರು ಅಮ್ಮ. ಆ ಕಲ್ಲಿನ ಬೆಂಚಿನ ಮೇಲೆ ಐದು ನಿಮಿಷ ಕೂತರೆ ಆ ಪ್ರಶ್ನೆ ನಿಮಗೂ ಬರುತ್ತದೆ.

'ಸಿದ್ಧಾರ್ಥ' ಕಾದಂಬರಿ ಬರೆದ ಹರ್ಮನ್ ಹೆಸ್ಸೆಯ ಕಥೆ ಹೇಳಲು ಅದೇ ಜಾಗ ಸರಿ. 1891ರಲ್ಲಿ ಸೇರಿದ ಹುಡುಗ, ಮುಂದಿನ ಮಾರ್ಚಿನಲ್ಲಿ ಓಡಿಹೋದ. ಆಗ 14 ವರ್ಷ. ಕೊರೆಯುವ ಚಳಿಯಲ್ಲಿ ರಾತ್ರಿಯೆಲ್ಲ ಬಯಲಲ್ಲಿ ಕಳೆದು ಮರುದಿನ ಸಿಕ್ಕ. ಕೆಲವೇ ತಿಂಗಳಲ್ಲಿ ಶಾಲೆ ಬಿಟ್ಟ. ಮುಂದೆ 1946ರಲ್ಲಿ ಅವನಿಗೆ ನೊಬೆಲ್ ಬಂತು. ಅವನ ತಾಯಿಯ ತಂದೆ, ಕೇರಳದಲ್ಲಿ ಮಿಶನರಿಯಾಗಿದ್ದ ಹರ್ಮನ್ ಗುಂಡರ್ಟ್ ಕೂಡ ಇಲ್ಲೇ ಓದಿದವರು. ಅವರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾಗಿದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಇದನ್ನು ಹೇಳಿದ ಮೇಲೆಯೇ ಅಮ್ಮ ಮಳೆಯ ವಿಷಯ ಬಿಟ್ಟರು.

ಶಾಲೆ ಈಗಲೂ ಇದೆ, ಹುಡುಗಿಯರೂ ಓದುತ್ತಾರೆ. ಅವರು ಇರುವ ಭಾಗಕ್ಕೆ ನಮ್ಮನ್ನು ಬಿಡುವುದಿಲ್ಲ, ಸುಮ್ನೆ ಬಾಗಿಲು ತಳ್ಳಿ ನೋಡಬೇಡಿ.

ಊಟಕ್ಕೆ ಮೌಲ್‌ಟಾಶನ್ ಸಿಗುತ್ತದೆ. ಉಪವಾಸದ ದಿನ ದೇವರಿಗೆ ಕಾಣಬಾರದೆಂದು ಇಲ್ಲಿನ ಸನ್ಯಾಸಿಗಳು ಮಾಂಸವನ್ನು ಹಿಟ್ಟಿನೊಳಗೆ ಮುಚ್ಚಿಟ್ಟರಂತೆ. ಕಣ್ಣಿಗೆ ನಮ್ಮ ಕಡುಬಿನ ಹಾಗೇ ಕಾಣುತ್ತದೆ. ಸಸ್ಯಾಹಾರಿಗಳು ಕೇಳಿಯೇ ತರಿಸಿಕೊಳ್ಳಿ.