ಸಣ್ಣ ದೇಶದ ಕಡಿಂದ ನಕಾಶೆ ನೋಡೋದು: ನನ್ನ ಪಾಠದ ಅನುಭವ

ವಿಜಯಪುರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನ್ಯಾಗ ರಾಜ್ಯಶಾಸ್ತ್ರ ಹೇಳ್ತೀನಿ. ದೊಡ್ಡ ದೇಶಗಳ ನಡುವ ಸಿಕ್ಕ ಸಣ್ಣ ದೇಶದ ವಿದೇಶಾಂಗ ನೀತಿ ಅಂತ ಪ್ರಶ್ನೆ ಬಂದ್ರ ನಮ್ಮ ಹುಡುಗ್ರು ಏನ್ ಬರೀತಾರ ಅಂದ್ರ, ನೇಪಾಳ ಅನ್ನೋದು ಎರಡು ಬಂಡೆಗಲ್ಲಿನ ನಡುವಿನ ಗೆಣಸು ಅಂತ ನೇಪಾಳ ಕಟ್ಟಿದ ರಾಜ ಪೃಥ್ವಿನಾರಾಯಣ ಶಾ ಹೇಳಿದ್ದ ಅಂತ ಗೈಡ್‌ನ್ಯಾಗಿನ ಒಂದು ಸಾಲು, ಅದರ ಕೆಳಗ "ಇತ್ತೀಚೆಗೆ ನೇಪಾಳ ಚೀನಾದತ್ತ ವಾಲುತ್ತಿದೆ" ಅಂತ ಇನ್ನೊಂದು ಸಾಲು, ಮುಗೀತು. ನಂಗ ಇದು ಭಾಳ ಕಾಡ್ತಿತ್ತು, ಯಾಕಂದ್ರ ಆ ಉತ್ತರದಾಗ ನೇಪಾಳನ ಇಲ್ಲ, ಟೀವಿಯಾಗ ಕೇಳಿದ ನಮ್ಮ ಸಿಟ್ಟು ಅಷ್ಟ ಐತಿ. ಅದಕ್ಕ ಪಾಠ ಮಾಡೋ ರೀತಿನ ಬದಲು ಮಾಡ್ದೆ. ಬ್ಯಾರೆ ಉಪನ್ಯಾಸಕರಿಗೆ, ಕೆಎಎಸ್ ಓದೋರಿಗೆ ಉಪಯೋಗ ಆಗ್ಲಿ ಅಂತ ಬರ್ಯಾಕತ್ತೀನಿ.

ಮೊದಲು ಥಿಯರಿ ಪೂರಾ ಬದಿಗಿಟ್ಟೆ. ಖಾಲಿ ನಕಾಶೆ ಹಂಚಿ ಒಂದ ಪ್ರಶ್ನೆ ಕೇಳ್ದೆ: ಕಾಠ್ಮಂಡುದಾಗ ಒಂದು ಮನ್ಯಾಗ ಗ್ಯಾಸ್ ಹಚ್ಚಬೇಕಂದ್ರ ಆ ಸಿಲಿಂಡರ್ ಯಾವ ದಾರಿ ಹಿಡಿದು ಬರ್ತೈತಿ? ಕೆಂಪು ಪೆನ್ಸಿಲ್ ಹಿಡಿದು ಹುಡುಕ್ಕೋತ ಹೋದ್ರು. ಕೋಲ್ಕತ್ತಾ ಬಂದರು, ಅಲ್ಲಿಂದ ಬಿಹಾರದ ಗಡಿ ಊರು ರಕ್ಸೌಲ್, ಗಡಿ ದಾಟಿದ್ರ ಬೀರ್‌ಗಂಜ್. ಉತ್ತರಕ್ಕ ನೋಡಿದ್ರ ಹಿಮಾಲಯ, ಅದರಾಗ ಕೋಡಾರಿ, ರಸುವಾಗಢಿ ಅಂತ ಒಂದೆರಡು ಸಂದಿ, ಆ ಕಡೆ ತಿಬೆಟ್, ಚೀನಾದ ತಿಯಾಂಜಿನ್ ಬಂದರು ಮೂರು ಸಾವಿರ ಕಿಲೋಮೀಟರ್‌ಗಿಂತ ದೂರ. ಗೆರೆ ಎಳದ ಮ್ಯಾಲೆ ಕ್ಲಾಸು ಗಪ್ ಚುಪ್ ಆತು.

ಇದನ್ನ ನಮ್ಮ ಹುಡುಗ್ರಿಗೆ ಬಿಡಿಸಿ ಹೇಳೋದೇನೂ ಬೇಕಾಗಿಲ್ಲ. ಇಂಡಿ, ಸಿಂದಗಿ ಕಡಿಂದ ಬರೋರು, ಹೊಲದ ದಾರಿ ಜಗಳ ನೋಡದವ್ರು ಕಮ್ಮಿ. ಆಜೂಬಾಜೂ ದೊಡ್ಡವರ ಹೊಲ, ನಡುವ ನಿಮ್ಮ ನಾಕು ಎಕರೆ, ಕಬ್ಬಿನ ಟ್ರ್ಯಾಕ್ಟರ್ ಹೊರಗ ಬರಬೇಕಂದ್ರ ಅವ್ರ ಬದು ದಾಟಬೇಕು, ಅವ್ರ ಮನಸ್ಸು ಕೆಟ್ರ ಮುಳ್ಳು ಬಡೀತಾರ. ಹಿಂದಿನ ಬೆಂಚಿನ ಒಬ್ಬಾಕಿ ಎದ್ದು, "ಸರ್, ಹಂಗಾದ್ರ ಅವ್ರು ಆ ಕಡೆ ದಾರಿ ಕೇಳೋದು ನಮ್ಮ ಮ್ಯಾಲಿನ ಸಿಟ್ಟಿಗೆ ಅಲ್ರಿ, ನಾಳೆ ಈ ದಾರಿ ಬಂದಾದ್ರ ಏನ್ ಮಾಡೋದು ಅಂತ್ರಿ" ಅಂದ್ಲು. ನಾ ಒಂದು ತಾಸು ಹೇಳಬೇಕಂದಿದ್ದನ್ನ ಆಕಿ ಒಂದ ಮಾತಿನ್ಯಾಗ ಹೇಳಿ ಕುಂತ್ಲು.

ಆಮ್ಯಾಲೆ ಇಸವಿ ಇಡ್ಕೋತ ಹೋದೆ. 1950ರಾಗ ನೇಪಾಳಕ್ಕ ಭಾರತದ ಜೋಡಿ ಶಾಂತಿ ಮತ್ತು ಸ್ನೇಹ ಒಪ್ಪಂದ, 1955ರಾಗ ಚೀನಾ ಜೋಡಿ ರಾಜತಾಂತ್ರಿಕ ಸಂಬಂಧ. 1961ರಾಗ ನೇಪಾಳದ ರಾಜಾ ಮಹೇಂದ್ರ ಕಾಠ್ಮಂಡುದಿಂದ ಕೋಡಾರಿಗೆ ಚೀನಾ ನೆರವಿಲೆ ರಸ್ತೆ ಮಾಡೋ ಒಪ್ಪಂದಕ್ಕ ಸೈ ಹಾಕಿದ, ಮರುವರ್ಷ ಭಾರತ-ಚೀನಾ ಯುದ್ಧ, ಆ ಹೊತ್ತಿನ್ಯಾಗ ದಿಲ್ಲಿಯವ್ರಿಗೆ ಆ ರಸ್ತೆ ಕಂಡ್ರ ಎಷ್ಟು ಕಳವಳ ಆಗಿರಬೇಕು ವಿಚಾರ ಮಾಡ್ರಿ. 1988ರಾಗ ನೇಪಾಳ ಚೀನಾದಿಂದ ಶಸ್ತ್ರಾಸ್ತ್ರ ಕೊಂಡ್ತು, 1989ರ ಮಾರ್ಚ್‌ನ್ಯಾಗ ವ್ಯಾಪಾರ ಮತ್ತು ಸಾಗಣೆ ಒಪ್ಪಂದದ ಅವಧಿ ಮುಗಿದಾಗ ಭಾರತ ಎರಡು ಬಿಟ್ಟು ಉಳಿದ ಗಡಿ ದಾರಿ ಎಲ್ಲಾ ಮುಚ್ಚಿತು. ಮತ್ತ 2015. ಏಪ್ರಿಲ್‌ನ್ಯಾಗ ಭೂಕಂಪ, ಕೋಡಾರಿ ದಾರಿನೂ ಬಂದ್ ಆತು, ಸೆಪ್ಟೆಂಬರ್‌ನ್ಯಾಗ ಹೊಸ ಸಂವಿಧಾನ, ಅದರ ಹಿಂದ ಭಾರತದ ಗಡಿಗೆ ಹತ್ತಿದ ತೆರಾಯಿ ಬಯಲಿನ್ಯಾಗ ಅಲ್ಲಿನ ಮಧೇಶಿ ಜನರ ಪ್ರತಿಭಟನೆ, ಗಡ್ಯಾಗ ಟ್ಯಾಂಕರ್ ನಿಂತ್ವು. ಇದು ಭಾರತದ ನಾಕಾಬಂದಿ ಅಂತ ನೇಪಾಳ, ಇಲ್ಲಪ್ಪಾ ಪ್ರತಿಭಟನಾಕಾರರು ಕುಂತಾರ ಅದಕ್ಕ ಲಾರಿ ಹೋಗವಲ್ಲು ಅಂತ ಭಾರತ. ಎರಡೂ ಕಡಿ ಮಾತು ಬೋರ್ಡಿನ ಮ್ಯಾಲೆ ಅಕ್ಕಪಕ್ಕ ಬರ್ದೆ, ಹುಡುಗ್ರು ವಾದ ಮಾಡ್ಲಿ ಅಂತ ಬಿಟ್ಟೆ. ಮರುವರ್ಷ ಮಾರ್ಚ್‌ನ್ಯಾಗ ನೇಪಾಳದ ಆಗಿನ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಚೀನಾ ಬಂದರು ಬಳಸೋ ಒಪ್ಪಂದ ಮಾಡ್ಕೊಂಡು ಬಂದ್ರು.

ಇಲ್ಲಿಗೆ ನಿಲ್ಲಿಸಿದ್ರ ಮತ್ತ ಅದ "ವಾಲುತ್ತಿದೆ" ಕಥೆ ಆಗ್ತೈತಿ. ಅದಕ್ಕ 2019ಕ್ಕ ಕರ್ಕೊಂಡು ಹೋಗ್ತೀನಿ. ಅದ ನೇಪಾಳ ಆ ವರ್ಷ ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್ ತನಕ 69 ಕಿಲೋಮೀಟರ್ ತೈಲದ ಪೈಪ್‌ಲೈನ್ ಭಾರತದ ಜೋಡಿನ ಮಾಡ್ಕೊಂಡ್ತು. 2022ರ ಫೆಬ್ರವರಿಯಾಗ, ಚೀನಾ ಮಾರಿ ಕೆಂಪ ಮಾಡಿದ್ರೂ, ಅಮೆರಿಕದ 50 ಕೋಟಿ ಡಾಲರ್ ಎಂಸಿಸಿ (ಮಿಲೆನಿಯಂ ಚಾಲೆಂಜ್ ಕಾರ್ಪೊರೇಷನ್ ಅನ್ನೋ ಅಲ್ಲಿನ ಸರ್ಕಾರಿ ನೆರವು ಸಂಸ್ಥೆ) ಅನುದಾನಕ್ಕ ಸಂಸತ್ತಿನ್ಯಾಗ ಒಪ್ಪಿಗಿ ಕೊಟ್ತು, ಆದ್ರ ಇದು ಮಿಲಿಟರಿ ಮೈತ್ರಿ ಅಲ್ಲ ಅನ್ನೋ ಅರ್ಥದ ಒಂದು ವಿವರಣಾ ಘೋಷಣೆ ಜೋಡಿಸೇ ಕೊಟ್ತು. ಯಾರ ಕಡಿಂದ ಏನ್ ಸಿಕ್ಕೈತಿ, ಅದಕ್ಕ ಯಾವ ಷರತ್ತು ಹಾಕ್ಯಾರ, ಇದನ್ನ ನೋಡದ ಬರಿ ವಾಲೋದು ನೋಡಿದ್ರ ಏನೂ ತಿಳಿಯೋದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಂಗಂತ ದೊಡ್ಡವರ ಹಿಡಿತ ಸಡ್ಲ ಆಗೈತಿ ಅಂತಲ್ಲ. ನೇಪಾಳದ ಜಲವಿದ್ಯುತ್ತಿಗೆ ದೊಡ್ಡ ಗಿರಾಕಿ ಭಾರತ, ಚೀನಾ ಕಂಪನಿ ಕೈ ಇರೋ ಯೋಜನೆ ಕರೆಂಟ್ ಮಾತ್ರ ಭಾರತ ಕೊಳ್ಳೋದಿಲ್ಲ, ಹಿಂಗಾಗಿ ಅಣೆಕಟ್ಟು ಕಟ್ಟೋ ಗುತ್ತಿಗೆ ಯಾರಿಗೆ ಕೊಡಬೇಕು ಅನ್ನೋದೂ ಅಲ್ಲಿ ವಿದೇಶಾಂಗ ನೀತಿನ.

ಎರಡನೇ ಪಾಠ ಭೂತಾನ್, ಇದಕ್ಕ ಬರಿಯೋ ಕೆಲಸ ಕೊಟ್ಟೆ. 2017ರ ಜೂನ್, ಭಾರತ, ಚೀನಾ, ಭೂತಾನ್ ಗಡಿ ಕೂಡೋ ಡೋಕ್ಲಾಂನ್ಯಾಗ ಚೀನಾ ರಸ್ತೆ ಮಾಡಾಕ ಬಂದೈತಿ, ಭಾರತದ ಸೈನ್ಯ ಎದುರು ನಿಂತೈತಿ, ಜಾಗ ನಿಮ್ದು ಅಂತ ನೀವು ಹೇಳ್ತೀರಿ, ನೀವು ಭೂತಾನ್ ರಾಜಧಾನಿ ಥಿಂಪುದ ವಿದೇಶಾಂಗ ಸಚಿವಾಲಯದವ್ರು, ಈಗ ಒಂದು ಪ್ರಕಟಣೆ ಬರೀರಿ. ಹುಡುಗ್ರು ಬರ್ದಿದ್ದು ಓದಿದ್ರ ಚುನಾವಣಾ ಭಾಷಣ ಕೇಳಿದಂಗ ಆಗ್ತಿತ್ತು! ಚೀನಾಕ್ಕ ಧಿಕ್ಕಾರ, ಭಾರತಕ್ಕ ಜೈ, ಇಂಚು ಜಾಗ ಬಿಡೋದಿಲ್ಲ. ಆಮ್ಯಾಲೆ ಜೂನ್ 29ಕ್ಕ ಭೂತಾನ್ ಖರೇನ ಏನ್ ಹೇಳ್ತು ಅಂತ ತಿಳಿಸಿದೆ: ಈ ರಸ್ತೆ ಕೆಲಸ ಗಡಿ ಬಗ್ಗೆ ಚೀನಾ ಜೋಡಿ ಆದ 1988 ಮತ್ತು 1998ರ ಒಪ್ಪಂದ ಮುರೀತೈತಿ, ಜೂನ್ 16ರ ಮೊದಲು ಹೆಂಗಿತ್ತೋ ಹಂಗ ಇರ್ಲಿ. ಇಷ್ಟ. ಬೈದಿಲ್ಲ, ಅಬ್ಬರ ಇಲ್ಲ, 73 ದಿನದ ಆ ಜಗ್ಗಾಟದಾಗ ಹೆಚ್ಚು ಬಾಯಿನೂ ಬಿಡಲಿಲ್ಲ.

"ಅಂಜಿದ್ರೇನ್ರಿ ಸರ್?" ಅಂತ ಒಬ್ಬ ಕೇಳಿದ. ನಾ ಹೇಳಿದ್ದು, ಅಂಜಿದ್ರ ಪ್ರಕಟಣೆನ ಕೊಡ್ತಿದ್ದಿಲ್ಲ, ಚೀನಾ ಮಾರಿಗೆ ಹೇಳೋದು ಹೇಳ್ಯಾರ, ಮುಂದ ಅದರ ಜೋಡಿ ಗಡಿ ಮಾತುಕತೆ ನಡಸಾಕ ಬಾಗ್ಲಾನೂ ತೆರೆದಿಟ್ಟಾರ, 2021ರಾಗ ಆ ಮಾತುಕತೆಗೆ ಮೂರು ಹಂತದ ಒಪ್ಪಂದನೂ ಆತು. ಭದ್ರತಾ ಮಂಡಳಿಯ ಐದು ಕಾಯಂ ದೇಶದಾಗ ಯಾರ ಜೋಡಿನೂ ಭೂತಾನ್ ರಾಜತಾಂತ್ರಿಕ ಸಂಬಂಧ ಇಟ್ಕೊಂಡಿಲ್ಲ ಅನ್ನೋದನ್ನೂ ಇದರ ಜೋಡಿ ಹೇಳ್ತೀನಿ, ಚೀನಾ ಒಂದಕ್ಕ ಅಲ್ಲ, ಅಮೆರಿಕಕ್ಕೂ ದೂರಿಂದ ನಮಸ್ಕಾರ. ಡೋಕ್ಲಾಂಗಿಂತ ಮೊದಲ, ವಿದೇಶಾಂಗ ವಿಷಯದಾಗ ಭಾರತದ ಮಾರ್ಗದರ್ಶನ ಪಡೀಬೇಕು ಅನ್ನೋ 1949ರ ಒಪ್ಪಂದದ ಮಾತು 2007ರಾಗ ಸದ್ದಿಲ್ಲದ ಬದಲಾತು ಅನ್ನೋದೂ ಹುಡುಗ್ರಿಗೆ ಹಿಡಸ್ತೈತಿ.

ಸೋವಿಯತ್ ಒಕ್ಕೂಟದ ಮಗ್ಗಲಿದ್ದ ಸಣ್ಣ ದೇಶ ಫಿನ್ಲೆಂಡ್ ಒಂದ ಕ್ಲಾಸಿನ್ಯಾಗ ಮುಗಸ್ತೀನಿ: 1948ರ ಸೋವಿಯತ್ ಒಪ್ಪಂದ, ಮಾಸ್ಕೋ ಬಗ್ಗೆ ಪತ್ರಿಕೆಯವ್ರು ತಮ್ಮ ಬಾಯಿ ತಾವ ಕಟ್ಕೊಂಡಿದ್ದು, ಆದ್ರ ಚುನಾವಣೆ, ಪಕ್ಷ, ಸಂಸತ್ತು ಉಳಿಸ್ಕೊಂಡಿದ್ದು, ಕಡೀಕ 2023ರ ಏಪ್ರಿಲ್‌ನ್ಯಾಗ ಅಮೆರಿಕ ಇರೋ ಮಿಲಿಟರಿ ಕೂಟ ನೇಟೋ ಸೇರಿದ್ದು.

ಇದನ್ನ ನೀವೂ ಮಾಡೋರಿದ್ರ ಶ್ರೀಲಂಕಾ ಪಾಠ ಚೀನಾ ಸಾಲದಾಗ ಕಟ್ಟಿದ ಬಂದರು ಹಂಬನ್‌ತೋಟದಿಂದ ಶುರು ಮಾಡಬ್ಯಾಡ್ರಿ, ಹುಡುಗ್ರ ತಲ್ಯಾಗ ಆಗಲೇ "ಸಾಲದ ಬಲೆ" ತುಂಬಿರ್ತೈತಿ. 1952ರಿಂದ ಹಿಡೀರಿ. ಕಮ್ಯುನಿಸ್ಟರನ್ನ ಕಂಡ್ರ ಆಗದ ಡಡ್ಲಿ ಸೇನಾನಾಯಕೆ ಸರ್ಕಾರ, ಉಣ್ಣಾಕ ಅಕ್ಕಿ ಕೊರತೆ, ರಬ್ಬರ್ ರೇಟು ಬಿದ್ದೈತಿ, ಆಗ ಅದ ಸರ್ಕಾರ ಕಮ್ಯುನಿಸ್ಟ್ ಚೀನಾಕ್ಕ ರಬ್ಬರ್ ಕೊಟ್ಟು ಅಕ್ಕಿ ತಗೊಳ್ಳೋ ಒಪ್ಪಂದ ಮಾಡ್ತು, ಅಮೆರಿಕದ ನೆರವು ತಪ್ಪಿದ್ರೂ ಬಿಡಲಿಲ್ಲ. ಅಕ್ಕಿ ಲೆಕ್ಕ, ರಬ್ಬರ್ ಲೆಕ್ಕ ಬೋರ್ಡಿನ ಮ್ಯಾಲೆ ಬರ್ದು, "ಆ ಕುರ್ಚ್ಯಾಗ ನೀವಿದ್ರ ಸೈ ಹಾಕ್ತಿದ್ರೋ ಇಲ್ಲೋ" ಅಂತ ಕೇಳ್ರಿ, ಹಂಬನ್‌ತೋಟ ಆಮ್ಯಾಲೆ ತಗೊಳ್ರಿ.