ಕಲ್ಲಿನಂತೆ ಕಾಣುವ ಮೀನು: ತುಳಿಯದಿರಲು ಏನು ಮಾಡಬೇಕು, ತುಳಿದರೆ ಏನು ಮಾಡಬೇಕು

ಜಗತ್ತಿನ ಅತಿ ವಿಷಕಾರಿ ಮೀನುಗಳಲ್ಲಿ ಒಂದೆನಿಸಿದ ಸ್ಟೋನ್‌ಫಿಶ್ ಯಾರನ್ನೂ ಅಟ್ಟಿಸಿಕೊಂಡು ಬಂದು ಚುಚ್ಚುವುದಿಲ್ಲ. ನಾವೇ ಅದನ್ನು ತುಳಿಯುತ್ತೇವೆ, ಇಲ್ಲವೇ ಕಲ್ಲೆಂದುಕೊಂಡು ಕೈಹಾಕುತ್ತೇವೆ. ಹಾಗಾಗಿ ಅದು ಬದುಕುವ ರೀತಿ ತಿಳಿದರೆ ಅಪಾಯದಿಂದ ಪಾರಾಗುವ ದಾರಿಯೂ ತಿಳಿದಂತೆ.

ಮೊದಲು ಜಾಗ ಗುರುತಿಸಿ. ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕಾದಿಂದ ಉತ್ತರ ಆಸ್ಟ್ರೇಲಿಯಾ, ಫ್ರೆಂಚ್ ಪಾಲಿನೇಷ್ಯಾದವರೆಗೆ ಬೆಚ್ಚಗಿನ ಕರಾವಳಿ ನೀರಿನಲ್ಲಿ ಇದರ ವಾಸ. ಸಿನಾನ್ಸಿಯಾ ವೆರುಕೋಸಾ ಎಂಬ ಪ್ರಭೇದಕ್ಕೆ ಹವಳದ ದಿಬ್ಬ, ಒಡೆದ ಹವಳದ ಚೂರುಗಳ ನೆಲ ಇಷ್ಟ. ಸಿನಾನ್ಸಿಯಾ ಹಾರಿಡಾ ಅಳಿವೆಗಳ ಕೆಸರಿನಲ್ಲೂ ಸಿಗುತ್ತದೆ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ಉಳಿಯುವ ಮೊಣಕಾಲುದ್ದದ ನೀರಿನಲ್ಲಿ ಹೆಚ್ಚು ಎಚ್ಚರ ಬೇಕು. ನೀರು ಪೂರ್ತಿ ಇಳಿದರೂ ಈ ಮೀನು ಗಂಟೆಗಟ್ಟಲೆ ಜೀವ ಹಿಡಿದಿರಬಲ್ಲದು.

ಬಳಿಕ, ಏನನ್ನು ನೋಡಬೇಕೆಂದು ತಿಳಿದುಕೊಳ್ಳಿ. ಸಾಮಾನ್ಯವಾಗಿ ಮೂವತ್ತು ಸೆಂಟಿಮೀಟರ್ ಆಸುಪಾಸಿನ ಮೈ. ಚಿಪ್ಪಿಲ್ಲದ, ಗಂಟುಗಂಟಾದ ಚರ್ಮ. ಅದರ ಮೇಲೆ ಪಾಚಿಯೂ ಬೆಳೆದಿರುತ್ತದೆ. ಅಗಲವಾದ ಎದೆರೆಕ್ಕೆಗಳಿಂದ ಮರಳು ತೋಡಿ ಅರ್ಧ ಹೂತು ಕೂರುತ್ತದೆ. ಕಣ್ಣು, ಬಾಯಿ ಎರಡೂ ಮೇಲ್ಮುಖ. ಸಣ್ಣ ಮೀನೋ ಸೀಗಡಿಯೋ ಹತ್ತಿರ ಸುಳಿದರೆ ಕಣ್ಣು ಮಿಟುಕಿಸುವುದರೊಳಗೆ ನುಂಗಿ ಮತ್ತೆ ಕಲ್ಲಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದರೂ ಅನುಭವಿಗಳ ಕಣ್ಣಿಗೇ ಇದು ತಪ್ಪಿಹೋಗುತ್ತದೆ. ಆದ್ದರಿಂದ ಕಣ್ಣನ್ನಷ್ಟೇ ನಂಬಬೇಡಿ. ಹೆಜ್ಜೆ ಸಪ್ಪಳಕ್ಕೆ ಓಡಿಹೋಗುತ್ತದೆಂಬ ಭರವಸೆಯೂ ಬೇಡ, ಅದು ಕೂತಲ್ಲೇ ಕೂರುವ ಮೀನು.

ದಪ್ಪ ಅಡಿಯ ಗಟ್ಟಿ ಬೂಟು ಹಾಕಿಕೊಂಡೇ ನೀರಿಗಿಳಿಯಿರಿ. ಯಾಕೆಂದರೆ ಬೆನ್ನಿನ ಮೇಲೆ ಸಾಮಾನ್ಯವಾಗಿ ಹದಿಮೂರು ಮುಳ್ಳುಗಳಿವೆ, ಪ್ರತಿ ಮುಳ್ಳಿನ ಎರಡು ಬದಿಗೂ ವಿಷದ ಚೀಲ. ಕಾಲಿನ ಭಾರ ಬಿದ್ದಾಗ ಮುಳ್ಳಿನ ಮೇಲಿನ ಚರ್ಮ ಕೆಳಗೆ ಸರಿದು ಚೀಲಗಳನ್ನು ಒತ್ತುತ್ತದೆ, ವಿಷ ಮುಳ್ಳಿನ ಗೀರುಗಳಗುಂಟ ಗಾಯದೊಳಗೆ ಚಿಮ್ಮುತ್ತದೆ. ತುಳಿತ ಜೋರಾದಷ್ಟೂ ವಿಷ ಹೆಚ್ಚು. ತೆಳು ಚಪ್ಪಲಿಯನ್ನು ಈ ಮುಳ್ಳು ತೂರಿ ಬರುತ್ತದೆ. ಬರಿಗೈಯಲ್ಲಿ ಕಲ್ಲು, ಹವಳ ಎತ್ತುವುದನ್ನಂತೂ ಬಿಟ್ಟೇಬಿಡಿ.

ಚುಚ್ಚಿತೆಂದರೆ ಕ್ಷಣದಲ್ಲೇ ಅಸಹನೀಯ ನೋವು, ಊತ. ಗಾಯಾಳುವನ್ನು ಕೂಡಲೇ ನೀರಿನಿಂದ ಹೊರತಂದು ಆಂಬುಲೆನ್ಸ್ ಕರೆಯಿರಿ. ಉಂಗುರ, ಕಾಲ್ಗೆಜ್ಜೆ ಇದ್ದರೆ ಊತ ಏರುವ ಮೊದಲೇ ಬಿಚ್ಚಿ. ಗಾಯದ ಭಾಗವನ್ನು ತಡೆಯುವಷ್ಟು ಬಿಸಿಯ ನೀರಿನಲ್ಲಿ ಮುಳುಗಿಸಿಡಿ, ಬಿಸಿ 45 ಡಿಗ್ರಿ ಸೆಲ್ಸಿಯಸ್ ದಾಟಬಾರದು. ನೋವಿನಲ್ಲಿರುವ ಕಾಲಿಗೆ ಸುಡುವುದು ತಿಳಿಯದೆ ಹೋಗಬಹುದು, ಹಾಗಾಗಿ ನೋವಿಲ್ಲದ ಕೈಯಿಂದ ಮೊದಲು ಪರೀಕ್ಷಿಸಿ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಹೀಗೆ ಇಡಬಹುದು. ಈ ವಿಷ ಬಿಸಿಗೆ ಕೆಡುವ ಪ್ರೋಟೀನು, ಬಿಸಿನೀರಿನಿಂದ ನೋವೂ ತಗ್ಗುತ್ತದೆ. ಹಾವು ಕಚ್ಚಿದಾಗ ಮಾಡುವಂತೆ ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಕುಯ್ಯುವುದು, ಚೀಪುವುದು ಬೇಡವೇ ಬೇಡ. ಆಳಕ್ಕಿಳಿದ ಮುಳ್ಳಿನ ಚೂರನ್ನು ವೈದ್ಯರೇ ತೆಗೆಯಲಿ. ಉಸಿರು ನಿಂತರೆ ತಡಮಾಡದೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ತುರ್ತು ಚಿಕಿತ್ಸೆ) ಶುರುಮಾಡಿ.

ಈ ವಿಷಕ್ಕೆ ಪ್ರತಿವಿಷವಿದೆ, 1959ರಲ್ಲಿ ಆಸ್ಟ್ರೇಲಿಯಾದಲ್ಲಿ ಸಿದ್ಧವಾದದ್ದು. ಎಷ್ಟು ಕಡೆ ಚುಚ್ಚಿದೆ ಎಂಬುದರ ಮೇಲೆ ಅದರ ಪ್ರಮಾಣ ನಿರ್ಧಾರವಾಗುವುದರಿಂದ, ಗಾಯದ ತೂತುಗಳನ್ನು ಎಣಿಸಿಕೊಂಡು ವೈದ್ಯರಿಗೆ ತಿಳಿಸಿ.